ತೆಂಗಿನಕಾಯಿಗಿಂತ ಹಗುರದ ಜೋಲಿ

ಯುದ್ಧ ಮುಗಿದ ಮೇಲೆ ಮಿಲಿಟರಿಯವರು ತಮಗೆ ಬೇಡವಾದ ಸಾಮಾನನ್ನೆಲ್ಲ ಹರಾಜು ಹಾಕಿದರಲ್ಲ, ಆಗ ಊರಿನ ಬುದ್ಧಿವಂತರು ಕಂಬಳಿ ತಂದರು, ಬೂಟು ತಂದರು, ತಗಡಿನ ಟ್ರಂಕು ತಂದರು. ಜಯಲಕ್ಷ್ಮಿಪುರಂನ ಡ್ರಾಯಿಂಗ್ ಮೇಷ್ಟ್ರು ಶಿವರುದ್ರಪ್ಪನವರು ತಂದದ್ದು ಒಂದು ಹ್ಯಾಮಕ್ಕು. ಕಾಡಿನಲ್ಲಿ ಎರಡು ಮರದ ನಡುವೆ ಕಟ್ಟಿಕೊಂಡು ಮಲಗುವ ತೂಗುಹಾಸಿಗೆ. ದಪ್ಪ ಕ್ಯಾನ್ವಾಸು, ಎರಡು ತುದಿಗೂ ಮರದ ಅಡ್ಡಪಟ್ಟಿ, ಕಬ್ಬಿಣದ ಬಳೆ, ಬಾವಿಗೆ ಬಿಟ್ಟರೂ ನಡೆಯುವಂಥ ಹಗ್ಗ. ಸುತ್ತಿ ಕಟ್ಟಿದರೆ ಎಳೆಗರುವಿನ ಗಾತ್ರ. ಅದನ್ನು ಅಟ್ಟದಿಂದ ಇಳಿಸುವ ದಿನ ಅವರ ಹೆಂಡತಿ ಮಂಜುಳಮ್ಮ ಅಡುಗೆಮನೆಯಿಂದ ಆಚೆಗೇ ಬರುತ್ತಿರಲಿಲ್ಲ. ಬಂದರೆ ‘ಇಲ್ಲೊಂದು ಕೈ ಹಿಡಿ’ ಅನ್ನುತ್ತಾರೆ, ಹಿಡಿದರೆ ಸೊಂಟ ಹೋಗುತ್ತದೆ ಅಂತ ಅವಳಿಗೆ ಗೊತ್ತಿತ್ತು.

ಇಳಿಸುವುದು ವರ್ಷಕ್ಕೆ ಒಂದೇ ಸಲ, ಸಂಕ್ರಾಂತಿಯ ರಜಕ್ಕೆ. ಮೇಷ್ಟ್ರಿಗೆ ಕಾಡಿನ ಹುಚ್ಚು. ಅವರೂ ಅದೇ ಶಾಲೆಯ ಕೃಷ್ಣಪ್ಪ ಮೇಷ್ಟ್ರೂ ಸೇರಿ ಬಿಳಿಗಿರಿರಂಗನ ಬೆಟ್ಟದ ಕಡೆ ಹೋಗಿ, ಮೂರು ನಾಲ್ಕು ದಿನ ಅಲೆದು, ಮರಗಳ ಚಿತ್ರ ಬರೆದು, ಮೈತುಂಬ ಮುಳ್ಳಿನ ಗೀರು ಹಾಕಿಸಿಕೊಂಡು ಬರುತ್ತಿದ್ದರು. ಕೂಲಿಯಾಳು ಕೂಡದು, ಅವರವರ ಹೊರೆ ಅವರವರ ಬೆನ್ನ ಮೇಲೆ ಅನ್ನುವುದು ಇಬ್ಬರೂ ಸೇರಿ ಮಾಡಿಕೊಂಡಿದ್ದ ಕಟ್ಟಳೆ. ಆ ಕಾಡಿನ ನೆಲದಲ್ಲಿ ಮಲಗಿದರೆ ಮೈಗೆಲ್ಲ ರಕ್ತ ಹೀರುವ ಉಣ್ಣೆಹುಳ ಹತ್ತುತ್ತದೆ, ಹಾಗಾಗಿ ಹ್ಯಾಮಕ್ಕು ಬೇಕೇ ಬೇಕು. ಹೋಗಿ ಬಂದ ಮೇಲೆ ಮೇಷ್ಟ್ರ ಹೆಗಲಿಗೆ ಮಂಜುಳಮ್ಮ ದಿನಾ ಎಣ್ಣೆ ತಿಕ್ಕಬೇಕು, ತಿಕ್ಕುವಾಗ ಕಾಡು ಎಷ್ಟು ಚೆನ್ನಾಗಿತ್ತು ಅನ್ನುವುದನ್ನೂ ಕೇಳಬೇಕು.

ಅವರು ಅಲ್ಲಿ ತೂಗಾಡುವ ಹೊತ್ತಿಗೆ ಇಲ್ಲಿ ಊರು ಎಳ್ಳು ಬೀರುತ್ತಿರುತ್ತದೆ. ಒಳ್ಳೆ ಸೀರೆ ಉಟ್ಟು, ತಟ್ಟೆಯಲ್ಲಿ ಎಳ್ಳುಬೆಲ್ಲ, ಸಕ್ಕರೆ ಅಚ್ಚು, ಕಬ್ಬಿನ ತುಂಡು ಇಟ್ಟುಕೊಂಡು ಹೆಂಗಸರು ಮನೆಮನೆಗೆ ಹೋಗುವ ಹಬ್ಬ. ಕಂಕುಳಲ್ಲೊಂದು ಮಗು, ಸೆರಗು ಹಿಡಿದು ಇನ್ನೊಂದು ಮಗು. ಮಂಜುಳಮ್ಮನ ಸೆರಗು ಹಿಡಿಯುವವರು ಯಾರೂ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ಪ್ರತಿ ಮನೆಯ ಹೊಸಿಲಲ್ಲೂ ‘ಏನಮ್ಮ, ಏನಾದ್ರೂ ವಿಶೇಷವಾ’ ಅಂತ ಕೇಳುತ್ತಿದ್ದರು. ಈಗ ಅವಳಿಗೆ ಮೂವತ್ತೇಳು. ಈಗ ಯಾರೂ ಕೇಳುವುದಿಲ್ಲ. ತಟ್ಟೆ ಇಸಿದುಕೊಂಡು, ಒಂದು ಗಳಿಗೆ ಅವಳ ಮುಖ ನೋಡಿ, ಒಂದು ಸಕ್ಕರೆ ಅಚ್ಚನ್ನು ಹೆಚ್ಚಿಗೆ ಇಟ್ಟು ಕಳಿಸುತ್ತಾರೆ. ಕೇಳುತ್ತಿದ್ದ ಕಾಲವೇ ವಾಸಿಯಾಗಿತ್ತು ಅಂತ ಅವಳಿಗೆ ಅನ್ನಿಸುತ್ತಿತ್ತು. ಆ ಹೆಚ್ಚಿನ ಸಕ್ಕರೆ ಅಚ್ಚಿನ ಮೇಲೆ ಅವಳಿಗಿದ್ದಷ್ಟು ಸಿಟ್ಟು ಲೋಕದಲ್ಲಿ ಬೇರೆ ಯಾವುದರ ಮೇಲೂ ಇರಲಿಲ್ಲ.

ಆ ವರ್ಷ ಕೃಷ್ಣಪ್ಪ ಮೇಷ್ಟ್ರಿಗೆ ಶಿವಮೊಗ್ಗಕ್ಕೆ ವರ್ಗವಾಯಿತು. ಶಿವರುದ್ರಪ್ಪನವರು ಅಟ್ಟದ ಕೆಳಗೆ ನಿಂತು ಹ್ಯಾಮಕ್ಕನ್ನು ನೋಡುವುದು, ನಿಟ್ಟುಸಿರು ಬಿಡುವುದು, ಹೋಗಿ ಕುರ್ಚಿಯಲ್ಲಿ ಕೂರುವುದು. ಡಿಸೆಂಬರ್ ತಿಂಗಳು ಪೂರ್ತಿ ಇದೇ ಆಯಿತು. ಒಂದು ಬೆಳಗ್ಗೆ ಕಾಫಿ ಲೋಟ ಮುಂದಿಡುತ್ತಾ ಮಂಜುಳಮ್ಮ ಹೇಳಿದಳು:

“ನಾನು ಬರ್ತೀನಿ.”

“ಎಲ್ಲಿಗೆ?”

“ಕಾಡಿಗೆ. ಕೃಷ್ಣಪ್ಪನೋರ ಬದ್ಲು.”

ಮೇಷ್ಟ್ರು ನಕ್ಕರು. ಕೆಟ್ಟ ನಗುವಲ್ಲ, ಆದರೂ ನಗು ನಗುವೇ. “ಅಲ್ಲ ಕಣೇ, ಹೊರೆ ಯಾರು ಹೊರ್ತಾರೆ? ಈ ಹ್ಯಾಮಕ್ಕು ಹೊತ್ತು ನನ್ನ ಹೆಗಲೇ ಕಳಚಿಬೀಳುತ್ತೆ. ನಿಂಗೂ ಒಂದು ಬೇಕಲ್ಲ. ಇಂಥದ್ದನ್ನ ಹೊತ್ಕೊಂಡು ನೀನು ಬೆಟ್ಟ ಹತ್ತೋದುಂಟಾ?”

“ಇಂಥದ್ದೇ ಯಾಕೆ? ನಂದು ನಾನೇ ಮಾಡ್ಕೋತೀನಿ. ಹಗುರವಾಗಿ.”

“ಎಷ್ಟು ಹಗುರ?”

“ನೀವೇ ಹೇಳಿ.”

ಮೇಷ್ಟ್ರು ಸುತ್ತ ಕಣ್ಣಾಡಿಸಿದರು. ದೇವರ ಗೂಡಿನ ಕೆಳಗೆ ಜುಟ್ಟು ಬಿಟ್ಟು ಸುಲಿದ ಒಂದು ತೆಂಗಿನಕಾಯಿ ಇತ್ತು. “ಆ ಕಾಯಿಗಿಂತ ಹಗುರ. ಹಗ್ಗಾನೂ ಸೇರಿ. ಹಾಗೇನಾದ್ರೂ ಮಾಡಿದ್ರೆ ಕರ್ಕೊಂಡು ಹೋಗ್ತೀನಿ.”

“ಆ ಕಾಯಿ ಸೋಮವಾರದ ಪೂಜೆಗೆ ಒಡೀಬೇಕು.”

“ಹಾಗಾದ್ರೆ ಜವರಪ್ಪನ ಅಂಗಡಿ ತಕ್ಕಡೀಲಿ ತೂಗೋಣ. ಕಾಯಿ ಮಾತ್ರ ನಾನೇ ಆರಿಸೋದು.”

ಈ ಕೊನೆಯ ಮಾತು ಅವಳಿಗೆ ಹಿಡಿಸಲಿಲ್ಲ. ಜವರಪ್ಪನ ದಿನಸಿ ಅಂಗಡಿಯಲ್ಲಿ ಮುಷ್ಟಿಯಷ್ಟೇ ಇರುವ ಕಾಯಿಗಳೂ ಇರುತ್ತವೆ, ಮೇಷ್ಟ್ರಿಗೆ ಗೆಲ್ಲುವ ಚಪಲವೂ ಇದೆ. ಆದರೂ ಹೂಂ ಅಂದಳು. ಈ ಸಂಕ್ರಾಂತಿಗೆ ಆ ತಟ್ಟೆ ಹಿಡಿದು ಬೀದಿಗೆ ಇಳಿಯದೆ ಇದ್ದರೆ ಸಾಕಾಗಿತ್ತು ಅವಳಿಗೆ. ಕಾಡೋ ಬೆಟ್ಟವೋ, ಯಾವುದಾದರೂ ಸರಿ.

ಬಟ್ಟೆಗೆ ಅವಳು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಪೆಟ್ಟಿಗೆಯಲ್ಲಿ ಒಂದು ರೇಷ್ಮೆ ಸೀರೆ ಇತ್ತು. ನೇಯ್ಗೆಯಲ್ಲಿ ಉದ್ದಕ್ಕೂ ಒಂದು ಗೆರೆ ಎದ್ದಿದೆ ಅಂತ ಅಗ್ಗಕ್ಕೆ ಬಂದದ್ದು. ಬಣ್ಣವಂತೂ ದೇವರಿಗೇ ಪ್ರೀತಿ, ಹಾಗಲಕಾಯಿ ಹಸಿರು, ಉಟ್ಟದ್ದು ಕಮ್ಮಿ. ಅಂಚಿನ ಜರಿಯೇ ಭಾರ ಅಂತ ಅದನ್ನು ಬಿಚ್ಚಿ ತೆಗೆದಳು. ತೊಡಕಾದದ್ದು ಹಗ್ಗ. ನಾರಿನ ಹಗ್ಗ ತಂದರೆ ಅದೊಂದೇ ಕಾಯಿಯಷ್ಟು ತೂಗೀತು. ಆದರೆ ಮಂಜುಳಮ್ಮ ಶಿವದಾರ ಹೊಸೆಯುವ ಮನೆಯಲ್ಲಿ ಹುಟ್ಟಿದವಳು. ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುವ ಆ ದಾರವನ್ನು ಅವಳ ತಾಯಿ ಮಠಕ್ಕೆ ಬರುವವರಿಗೆಲ್ಲ ಹೊಸೆದು ಕೊಡುತ್ತಿದ್ದರು. ಮೂರು ಎಳೆಯನ್ನು ಒಂದು ಮಾಡುವುದು, ಅಂಥ ಮೂರನ್ನು ಮತ್ತೆ ಒಂದು ಮಾಡುವುದು. ಜೀವ ಇರುವ ತನಕ ಹರಿಯಬಾರದ ದಾರ ಅದು. ರೇಷ್ಮೆ ಕಾರ್ಖಾನೆಗೆ ಕೆಲಸಕ್ಕೆ ಹೋಗುವ ಗೆಳತಿ ಚೆಲುವಮ್ಮನಿಂದ ಉಳಿಕೆ ನೂಲು ತರಿಸಿಕೊಂಡು, ತಾಯಿಯ ಹಾಗೇ ಗೋಡೆಗೊರಗಿ ಕೂತು ಮಂಜುಳಮ್ಮ ಹೊಸೆದಳು. ಕೊರಳಿಗೆ ಬದಲು ಮರಕ್ಕೆ, ಅಷ್ಟೇ ವ್ಯತ್ಯಾಸ. ಕಿರುಬೆರಳಿಗಿಂತ ತೆಳ್ಳಗಿನ ಎರಡು ಹಗ್ಗ ಆದವು.

ಇನ್ನು ಕಟ್ಟುವುದು. ಇಲ್ಲಿ ಅವಳು ಮಾಡಿದ ತಪ್ಪನ್ನು ನಮ್ಮ ಕಡೆಯ ಯಾವ ಹೆಂಗಸಾದರೂ ಮಾಡಿಯಾಳು. ಸೀರೆ, ಹಗ್ಗ, ತೊಲೆ ಮೂರೂ ಸಿಕ್ಕಿದರೆ ನಮ್ಮವರ ಕೈ ತಾನಾಗಿಯೇ ಕಟ್ಟುವುದು ಕೂಸಿನ ಜೋಲಿಯನ್ನ. ತಂಗಿಯ ಮಕ್ಕಳಿಗೆ, ನಾದಿನಿಯ ಮಕ್ಕಳಿಗೆ ಕಟ್ಟಿ ಕಟ್ಟಿ ಅವಳಿಗೆ ರೂಢಿ. ಹಿತ್ತಲ ಪಡಸಾಲೆಯ ತೊಲೆಗೆ ಒಂದೇ ಕಡೆ ಹಗ್ಗ ಬಿಗಿದು, ಸೀರೆಯ ಎರಡೂ ತುದಿಯನ್ನು ಅಲ್ಲೇ ಒಟ್ಟಿಗೆ ಗಂಟು ಹಾಕಿ, ಕೆಳಗೆ ಚೀಲದ ಹಾಗೆ ಇಳಿಬಿಟ್ಟು, ಸೆರಗು ಸಿಕ್ಕಿಸಿಕೊಂಡು ಒಳಗೆ ಕೂತಳು. ಕೂತದ್ದೇ ತಡ ಮಂಡಿ ಬಂದು ಮೂಗಿಗೆ ಮುಟ್ಟಿತು. ಏಳಲೂ ಆಗದು, ಮಲಗಲೂ ಆಗದು. ಶಾಲೆಯಿಂದ ಬಂದ ಮೇಷ್ಟ್ರಿಗೆ ಕಂಡದ್ದು ತೊಲೆಯಿಂದ ನೇತಾಡುವ ಒಂದು ಹಸಿರು ಮೂಟೆ, ಅದರಿಂದ ಆಚೆ ಬಂದ ಎರಡು ಪಾದ.

“ಯಾರಪ್ಪ ಇದು, ಬಾವಲಿ?” ಅಂದರು.

“ಮೊದ್ಲು ಇಳಿಸ್ರೀ. ಆಮೇಲೆ ನಗೋರಂತೆ.”

ಇಳಿಸಿದರು. ಇಳಿಸಿದ ಮೇಲೆ, ಸುಮ್ಮನಿರಲಾರದೆ, ಖಾಲಿ ಜೋಲಿಯನ್ನು ಬೆರಳಿನಿಂದ ತೂಗಿದರು. ಮಂಜುಳಮ್ಮ ಗಬಕ್ಕನೆ ಅದನ್ನು ಹಿಡಿದು ನಿಲ್ಲಿಸಿದಳು. “ಖಾಲಿ ಜೋಲಿ ತೂಗಬಾರ್ದು. ಗೊತ್ತಿಲ್ವಾ ನಿಮಗೆ?”

ತೂಗಿದರೆ ಏನಾಗುತ್ತದೆ ಅಂತ ಮೇಷ್ಟ್ರು ಕೇಳಲಿಲ್ಲ. ಮನೆಗೆ ಕೂಸು ಬರುವುದಿಲ್ಲ ಅಂತ ಹೆಂಗಸರು ಹೇಳುವುದು ಅವರಿಗೂ ಗೊತ್ತಿತ್ತು. ಅವರು ಕೈ ಹಿಂದಕ್ಕೆ ತೆಗೆದುಕೊಂಡು ಕಾಲು ತೊಳೆಯಲು ಹೋದರು.

ಮಾರನೆಯ ದಿನದಿಂದ ಅವಳಿಗೆ ದಾರಿ ಹತ್ತಿತು. ದೊಡ್ಡವರು ಮಲಗಬೇಕಾದರೆ ಎರಡು ತುದಿಯೂ ದೂರ ದೂರ ಇರಬೇಕು. ಪಡಸಾಲೆಯ ಎರಡು ಕಂಬಕ್ಕೆ ಕಟ್ಟಿದಳು. ಬಿಗಿಯಾಗಿ ಎಳೆದು ಕಟ್ಟಿದಾಗ ಬಟ್ಟೆ ಎರಡು ಕಡೆಯಿಂದಲೂ ಮಡಿಚಿಕೊಂಡು ಅವಳನ್ನು ಎಲೆಯಡಕೆ ಮಾಡಿತು. ಇದಕ್ಕೇ ಇರಬೇಕು ಮಿಲಿಟರಿಯವರು ಮರದ ಪಟ್ಟಿ ಹಾಕಿರುವುದು ಅಂದುಕೊಂಡಳು. ಮರ ಹಾಕಿದರೆ ತೆಂಗಿನಕಾಯಿ ಕೈತಪ್ಪುತ್ತದೆ. ಸಡಿಲ ಬಿಟ್ಟು ನೋಡಿದಳು, ನೇರ ಮಲಗುವುದು ಬಿಟ್ಟು ಒಂದಿಷ್ಟು ಓರೆಯಾಗಿ ಮಲಗಿದಳು, ತಲೆ ಒಂದು ಅಂಚಿಗೆ, ಕಾಲು ಇನ್ನೊಂದು ಅಂಚಿಗೆ. ಬಟ್ಟೆ ಅಗಲವಾಗಿ ಬಿಚ್ಚಿಕೊಂಡು ಬೆನ್ನು ಸಮವಾಗಿ ನಿಂತಿತು. ಮರದ ಪಟ್ಟಿಯೂ ಬೇಡ, ಕಬ್ಬಿಣದ ಬಳೆಯೂ ಬೇಡ. ಒಲೆಯ ಮೇಲೆ ಬೇಳೆ ಸೀದದ್ದು ಅವಳಿಗೆ ಆಮೇಲೆ ತಿಳಿಯಿತು.

ಹಗುರವೇನೋ ಆಯಿತು, ಗಟ್ಟಿಯೋ ಇಲ್ಲವೋ? ನಡುಗಾಡಿನಲ್ಲಿ ಕೈಕೊಟ್ಟರೆ ಗತಿಯೇನು? ತನ್ನ ಮೈಭಾರಕ್ಕಿಂತ ಹೆಚ್ಚು ಹಾಕಿ ನೋಡೋಣ ಅಂತ ಮೊದಲು ಒರಳಿನ ಗುಂಡುಕಲ್ಲನ್ನು ಎತ್ತಿ ತಂದಳು. ರೇಷ್ಮೆಗೆ ಹಿಟ್ಟು ಮೆತ್ತಬಾರದಲ್ಲ, ಕಲ್ಲನ್ನು ತೊಳೆದು, ಒಂದು ಬಿಳಿ ಬಟ್ಟೆಯಲ್ಲಿ ಸುತ್ತಿ, ಜೋಲಿಯ ನಡುವೆ ಮೆಲ್ಲಗೆ ಇಟ್ಟಳು. ಹಗ್ಗ ಸ್ವಲ್ಪ ಕಿರ್ ಅಂದು ಸುಮ್ಮನಾಯಿತು. ಹೊಯ್ದಾಡದಿರಲಿ ಅಂತ ಅಂಚಿಗೆ ಕೈ ಕೊಟ್ಟು ನಿಂತಳು. ಆಮೇಲೆ ರಾಗಿ ಮೂಟೆಯನ್ನೂ ಹಾಕಿ ನೋಡಿದಳು. ಹಗ್ಗ ಜಗ್ಗಲಿಲ್ಲ, ಬಟ್ಟೆ ಹರಿಯಲಿಲ್ಲ. ಅವಳಿಗೆ ಖುಷಿಯೋ ಖುಷಿ.

ಅವಳು ಕಲ್ಲಿನ ಹತ್ತಿರ ನಿಂತಿದ್ದಾಗ ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಪುಟ್ಟಬಸಮ್ಮ ನೋಡಿದ್ದನ್ನು ಅವಳು ನೋಡಲಿಲ್ಲ. ನಮ್ಮಲ್ಲಿ ಹೆಸರಿಡುವ ದಿನ ಕೂಸಿಗಿಂತ ಮೊದಲು ತೊಟ್ಟಿಲಿಗೆ ಹಾಕುವುದು ಏನನ್ನ? ಬಟ್ಟೆ ಸುತ್ತಿದ ಗುಂಡುಕಲ್ಲನ್ನ. ಕಲ್ಲು ಮಲಗಿದ ಮೇಲೆ ಕೂಸು ಬರುತ್ತದೆ. ಮುದುಕಿಗೆ ಇನ್ನೇನು ತಿಳಿಯಬೇಕಿತ್ತು? ತೊಲೆಗೆ ಜೋಲಿ ಕಟ್ಟಿದ್ದನ್ನು ಅವಳು ಮೊದಲೇ ಕಂಡಿದ್ದಳು. ಸಂಜೆಯ ಹೊತ್ತಿಗೆ ಮೇಷ್ಟ್ರ ಮನೆಯವರು ಕೂಸನ್ನು ದತ್ತು ತಗೊಳ್ಳುತ್ತಾರಂತೆ ಅನ್ನುವ ಸುದ್ದಿ ಬೀದಿಯ ಆ ತುದಿ ಮುಟ್ಟಿ ವಾಪಸು ಬಂದಿತ್ತು.

ಎರಡು ದಿನ ಬಿಟ್ಟು ಪುಟ್ಟಬಸಮ್ಮ ಹಿತ್ತಲ ಬಾಗಿಲಿನಿಂದ ಬಂದಳು. ಸೆರಗಿನ ಮರೆಯಲ್ಲಿ ಏನನ್ನೋ ಹಿಡಿದುಕೊಂಡಿದ್ದಳು. ಮಂಜುಳಮ್ಮನ ಕೈಗೆ ಕೊಟ್ಟಳು. ಕೆಂಪು ಛೀಟಿನ ಬಟ್ಟೆಯ ಕುಲಾವಿ, ಕೂಸಿನ ತಲೆಗೆ ಹಾಕುವಂಥದ್ದು, ಕಿವಿ ಮುಚ್ಚುವ ಹಾಗೆ ದೊಡ್ಡದು, ಗದ್ದದ ಕೆಳಗೆ ಕಟ್ಟಲು ಎರಡು ದಾರ. ಹೊಲಿಗೆ ಒಂದೊಂದೂ ಎಣಿಸಿ ಹಾಕಿದ ಹಾಗಿತ್ತು.

“ವರ್ಸ ತುಂಬೋಗಂಟ ಆಯ್ತದೆ ಕಣಮ್ಮ, ದೊಡ್ಡುದಾಗೇ ಒಲ್ದಿವ್ನಿ,” ಅಂದಳು ಪುಟ್ಟಬಸಮ್ಮ. “ನಂಗೊಂದು ಮಾತು ಏಳ್ಬಾರ್ದಾಗಿತ್ತಾ ನೀನು? ಅದಿರ‍್ಲಿ ಬುಡು. ಗಂಡಾ, ಎಣ್ಣಾ?”

ಮಂಜುಳಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ, ಹೆಣ್ಣು ಅಂದುಬಿಡೋಣ ಅನ್ನಿಸಿತು. ಒಂದು ಗಳಿಗೆ ಮಾತ್ರ. ಆ ಮುದುಕಿಯ ಮುಖದಲ್ಲಿ ಅಷ್ಟು ಸಂತೋಷ ಇತ್ತು.

“ಕೂಸಿಗಲ್ಲ ಕಣಮ್ಮ ಜೋಲಿ. ನಂಗೆ. ಕಾಡಿಗೆ ಹೋದಾಗ ನಾನು ಮಲಗೋಕೆ.”

ಪುಟ್ಟಬಸಮ್ಮ ಜೋಲಿ ನೋಡಿದಳು, ಇವಳನ್ನು ನೋಡಿದಳು. ಮಂಜುಳಮ್ಮ ಕುಲಾವಿ ವಾಪಸು ಚಾಚಿದಾಗ ಅವಳ ಕೈಯನ್ನು ಮಡಿಸಿ ಹಿಂದಕ್ಕೆ ತಳ್ಳಿದಳು. “ಇಟ್ಕೋ ಬುಡು. ನಿಂಗೇಂತ ಒಲ್ದಿದ್ದು, ಇನ್ಯಾರ‍್ಗೆ ಕೊಡ್ಲಿ,” ಅಂದು ಬಂದ ಬಾಗಿಲಲ್ಲೇ ಹೊರಟುಹೋದಳು.

ಮಂಜುಳಮ್ಮ ಅಡುಗೆಮನೆಯ ಬಾಗಿಲಲ್ಲಿ ಕೂತು ಅತ್ತಳು. ಸದ್ದು ಮಾಡದೆ ಅಳುವುದು ಅವಳಿಗೆ ಅಭ್ಯಾಸವಾಗಿತ್ತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಮೇಷ್ಟ್ರು ಬಂದರು. ಅವಳು ಕುಲಾವಿಯನ್ನು ಅವರ ಮುಂದಿಟ್ಟು ನಡೆದದ್ದನ್ನು ಹೇಳಿದಳು. ಹೇಳುತ್ತಾ ಹೇಳುತ್ತಾ, ಇಷ್ಟು ವರ್ಷ ಬಾಯಿಗೆ ಬಾರದಿದ್ದದ್ದೂ ಬಂದುಬಿಟ್ಟಿತು.

“ಪ್ರತಿ ಸಂಕ್ರಾಂತಿಗೂ ನೀವು ಹೊರಟುಬಿಡ್ತೀರಿ. ಇಲ್ಲಿ ಉಳಿಯೋಳು ನಾನು. ತಟ್ಟೆ ಹಿಡ್ಕೊಂಡು ಒಬ್ಬಳೇ ಮನೆಮನೆ ತಿರುಗೋಳು ನಾನು. ನಂಗೆ ಕಾಡೂ ಬೇಡ, ಮರಾನೂ ಬೇಡ. ಆ ದಿನ ನಾನು ಈ ಬೀದೀಲಿ ಇರಬಾರ್ದು, ಅಷ್ಟೇ ಬೇಕಾಗಿದ್ದು.”

ಮೇಷ್ಟ್ರು ಕುಲಾವಿಯನ್ನು ಮುಟ್ಟಲಿಲ್ಲ.

“ನಾನು ಯಾಕೆ ಹೋಗ್ತಿದ್ದೆ ಅಂದ್ಕೊಂಡಿದ್ದೆ?” ಅಂತ ಕೇಳಿದರು.

“ಮರದ ಚಿತ್ರ ಬರೆಯೋಕೆ.”

“ಮರ ಕುಕ್ಕರಹಳ್ಳಿ ಕೆರೆ ಏರಿ ಮೇಲೂ ಇದಾವೆ ಕಣೇ.”

ಅವರಿಗೂ ಈ ಹಬ್ಬ ಆಗದು ಅನ್ನುವುದು ಅವಳಿಗೆ ಯಾವತ್ತೂ ಹೊಳೆದಿರಲಿಲ್ಲ. ಮರುಗಳಿಗೆಗೆ ಸಿಟ್ಟೂ ಬಂತು. “ಹಾಗಿದ್ರೆ ನೀವು ತಪ್ಪಿಸ್ಕೊಂಡು, ನನ್ನನ್ನ ಇಲ್ಲಿ ಬಿಟ್ಟು ಹೋಗ್ತಿದ್ರಿ.”

“ಹೂಂ. ಬಿಟ್ಟು ಹೋಗ್ತಿದ್ದೆ,” ಅಂದರು ಮೇಷ್ಟ್ರು. ಆಮೇಲೆ, “ತೂಕಗೀಕ ಏನೂ ಬೇಡ. ಈ ಸಲ ಬಾ. ಹೊರೆ ಎಲ್ಲ ನಾನೇ ಹೊರ್ತೀನಿ” ಅಂದರು.

ಆ ಮಾತು ಕೇಳಿ ಅವಳು ಕರಗಿಹೋಗಬೇಕಿತ್ತು. ಕರಗಲಿಲ್ಲ. ಮರುಕ ಅನ್ನುವುದರ ರುಚಿ ಅವಳಿಗೆ ಚೆನ್ನಾಗಿ ಗೊತ್ತಿತ್ತು, ಅದು ಸಕ್ಕರೆ ಅಚ್ಚಿನ ರುಚಿ. “ಅದೆಲ್ಲ ಆಗೋದಿಲ್ಲ. ಮಾತು ಮಾತೇ. ನಾಳೆ ಜವರಪ್ಪನ ಅಂಗಡಿಗೆ ಹೋಗೋಣ,” ಅಂದಳು.

ಬೆಳಗ್ಗೆ ಜೋಲಿಯನ್ನು ಮಡಿಸುವಾಗ ಹಾಕಲು ಏನಾದರೂ ಚೀಲ ಬೇಕಿತ್ತು. ಕೈಚೀಲ ಭಾರ. ಕಿಟಕಿಯಲ್ಲಿ ಕುಲಾವಿ ಇತ್ತು. ಸುಮ್ಮನೆ ನೋಡೋಣ ಅಂತ ರೇಷ್ಮೆಯ ಒಂದು ತುದಿಯನ್ನು ಅದರೊಳಗೆ ತುರುಕಿದಳು. ಒಳಗೆ ಹೋಯಿತು. ಇನ್ನಷ್ಟು ತುರುಕಿದಳು, ಇನ್ನಷ್ಟು ಹೋಯಿತು. ಕೊನೆಗೆ ಹಗ್ಗವನ್ನೂ ಸುತ್ತಿ ಒಳಗೆ ಒತ್ತಿ, ಗದ್ದದ ದಾರ ಎರಡನ್ನೂ ಎಳೆದು ಕಟ್ಟಿದಳು. ಅಂಗೈ ಮೇಲೆ ಇಟ್ಟುಕೊಂಡರೆ ದುಂಡಗೆ, ಬೆಚ್ಚಗೆ ಇತ್ತು. ಅವಳು ಅದನ್ನು ಬಿಚ್ಚಲಿಲ್ಲ. ಹಾಗೇ ಎತ್ತಿಕೊಂಡು ಹೊರಟಳು.

ಅಂಗಡಿಯಲ್ಲಿ ಮೇಷ್ಟ್ರು ಕಾಯಿಯ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಒಂದೊಂದನ್ನೂ ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ನೀರಿನ ಸದ್ದು ಕೇಳಿ, ಪಕ್ಕಕ್ಕಿಟ್ಟು ಇನ್ನೊಂದನ್ನು ಎತ್ತುವುದು. ಗಿರಾಕಿಗಳು ಬಂದು ಹೋದರು. ಜವರಪ್ಪ ತಾಳ್ಮೆಗೆಟ್ಟ. “ಏನ್ ಮೇಷ್ಟ್ರೇ, ಕಾಯಿಗೆ ಎಣ್ಣು ನೋಡ್ತಿದ್ದೀರಾ?” ಅಂದ. ಕೊನೆಗೆ ಮೇಷ್ಟ್ರು ರಾಶಿಯ ತಳದಿಂದ ಒಂದನ್ನು ಎರಡು ಕೈಯಲ್ಲಿ ಎತ್ತಿ ತಂದು ತಕ್ಕಡಿಯಲ್ಲಿ ಇಟ್ಟರು. ಅಂಥ ಕಾಯಿಯನ್ನು ಜವರಪ್ಪನೂ ಅಲ್ಲಿ ನೋಡಿರಲಿಲ್ಲ ಅಂತ ಕಾಣುತ್ತದೆ. ಗಣಪತಿಯ ಹೊಟ್ಟೆಯಷ್ಟಿತ್ತು.

ಮಂಜುಳಮ್ಮನಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಆ ಕಾಯಿಯನ್ನು ತಕ್ಕಡಿಯಿಂದ ಎತ್ತಿ ಕೆಳಗಿಟ್ಟಳು. ಪಕ್ಕದಲ್ಲಿದ್ದ, ಯಾರಾದರೂ ಸೋಮವಾರದ ಪೂಜೆಗೆ ಒಯ್ಯುವಂಥ, ಸಾಮಾನ್ಯದ ಒಂದು ಕಾಯಿಯನ್ನು ಆ ಜಾಗದಲ್ಲಿ ಇಟ್ಟಳು. “ತೂಗಿ ಜವರಪ್ಪ.”

“ಕಾಯಿ ಆರಿಸೋದು ನಾನು ಅಂತ ಆಗಿತ್ತು,” ಅಂದರು ಮೇಷ್ಟ್ರು, ಮೆಲ್ಲಗೆ.

“ನೀವು ಸುಮ್ನಿರಿ.”

ಜವರಪ್ಪ ಕುಲಾವಿಯನ್ನು ಇನ್ನೊಂದು ತಟ್ಟೆಗಿಟ್ಟು ತಕ್ಕಡಿ ಎತ್ತಿದ. ಮುಳ್ಳು ಒಂದು ಸಲ ಈ ಕಡೆ ವಾಲಿತು, ಒಂದು ಸಲ ಆ ಕಡೆ ವಾಲಿತು. ಕಾಯಿ ನಿಧಾನವಾಗಿ ಕೆಳಗಿಳಿಯಿತು, ಕೆಂಪು ಕುಲಾವಿ ಮೇಲೆ ಹೋಗಿ ನಿಂತಿತು. ಬಹಳ ವ್ಯತ್ಯಾಸವೇನಿಲ್ಲ, ಒಂದು ಹಿಡಿ ಕಡಲೆಬೇಳೆಯಷ್ಟು. ಆದರೂ ಅವಳದು ಹಗುರ.

“ಒಳಗೇನೈತವ್ವ ಇದ್ರಲ್ಲಿ?” ಅಂತ ಜವರಪ್ಪ ಕೇಳಿದ.

“ನಮ್ಮನೆಯೋಳ ಹಾಸಿಗೆ. ಕಾಡಿಗೆ ಬರ್ತಾಳೆ ನನ್ನ ಜೊತೆ,” ಅಂದರು ಮೇಷ್ಟ್ರು. ದೊಡ್ಡ ಕಾಯಿ, ಸಣ್ಣ ಕಾಯಿ ಎರಡನ್ನೂ ಕೊಂಡುಕೊಂಡರು.

ಹೊರಡುವ ದಿನ ಪುಟ್ಟಬಸಮ್ಮ ಗೇಟಿನ ಹತ್ತಿರ ನಿಂತಿದ್ದಳು. ಮಂಜುಳಮ್ಮನ ಹೆಗಲ ಚೀಲದ ಮೇಲೆ ಕಟ್ಟಿದ ಕುಲಾವಿಯನ್ನು ಕಂಡು ಕೈಯಲ್ಲಿ ಒತ್ತಿ ನೋಡಿದಳು. ಬಯ್ಯುತ್ತಾಳೇನೋ ಅಂತ ಇವಳಿಗೆ ಅಳುಕು. “ತುಂಬ್ಕಂಡದಲ್ಲ, ಅಷ್ಟೇ ಸಾಕು ಬುಡು. ಉಸಾರಾಗಿ ಓಗ್ಬಾ,” ಅಂದಳು ಮುದುಕಿ.

ಯಳಂದೂರಿನ ತನಕ ಬಸ್ಸು, ಅಲ್ಲಿಂದ ನಡಿಗೆ. ಮೇಷ್ಟ್ರು ತಮ್ಮ ಎಳೆಗರುವನ್ನು ಹೊತ್ತು ಏದುಸಿರು ಬಿಡುತ್ತಾ ಹಿಂದೆ, ಮಂಜುಳಮ್ಮ ಸೀರೆ ಎತ್ತಿ ಸಿಕ್ಕಿಸಿ ಮುಂದೆ. ಕಂಬಳಿ, ಅವಲಕ್ಕಿ, ನೀರು, ಜೋಲಿ, ಅವಳ ಹೊರೆ ಅವಳ ಬೆನ್ನ ಮೇಲೇ ಇತ್ತು. ಸಂಕ್ರಾಂತಿಯ ಸಂಜೆ ಸೋಲಿಗರ ಹಾಡಿಯ ಹತ್ತಿರ ಎರಡು ಒಳ್ಳೆಯ ಮರ ಸಿಕ್ಕಿದವು. ಅವಳು ಕಟ್ಟಿ, ಕಂಬಳಿ ಹಾಸಿ, ಓರೆಯಾಗಿ ಮಲಗಿದಳು. ಎಲೆಗಳ ನಡುವೆ ಇನ್ನೂ ಬೆಳಕಿತ್ತು. ಊರಿನಲ್ಲಿ ಈಗ ತಟ್ಟೆಗಳು ಹೊಸಿಲಿನಿಂದ ಹೊಸಿಲಿಗೆ ಹೋಗುತ್ತಿರುತ್ತವೆ ಅಂತ ಒಮ್ಮೆ ನೆನಪಾಯಿತು.

ಮೇಷ್ಟ್ರು ಜೇಬಿನಿಂದ ಕಾಗದದ ಪೊಟ್ಟಣ ತೆಗೆದರು. ಎಳ್ಳುಬೆಲ್ಲ. ಅವಳಿಗೆ ತಿಳಿಯದ ಹಾಗೆ ತಂದಿದ್ದರು. ಅದರಲ್ಲಿ ಎರಡು ಸಕ್ಕರೆ ಅಚ್ಚು ಇದ್ದವು. ಅವಳಿಗೊಂದು ಕೊಟ್ಟು, ತಾವೊಂದು ಬಾಯಿಗೆ ಹಾಕಿಕೊಂಡರು. ಹೆಚ್ಚು ಇಲ್ಲ, ಕಮ್ಮಿ ಇಲ್ಲ. ಅವಳು ಕಚ್ಚಿ ತಿಂದಳು, ಸಿಹಿಯಾಗಿತ್ತು.

ಆಮೇಲೆ ಅವರು ಜೋಲಿಯ ಅಂಚಿಗೆ ಕೈ ಇಟ್ಟರು. ಇಟ್ಟ ಕೈ ಅಲ್ಲೇ ನಿಂತಿತು. ಅವತ್ತು ಪಡಸಾಲೆಯಲ್ಲಿ ಅವಳು ಗದರಿದ್ದು ನೆನಪಿತ್ತೋ ಏನೋ.

“ತೂಗಲಾ?” ಅಂತ ಕೇಳಿದರು.

ಮಂಜುಳಮ್ಮ ಕಂಬಳಿಯನ್ನು ಗದ್ದದ ತನಕ ಎಳೆದುಕೊಂಡಳು. “ತೂಗಿ,” ಅಂದಳು. “ಖಾಲಿ ಇಲ್ವಲ್ಲ.”

ಮೇಷ್ಟ್ರು ತೂಗಿದರು.